ಎರಡು ಗೂಟ ಗಟ್ಟಿಯಿರಲಿ, ನಡುವಿನ ಹಗ್ಗ ಉದ್ದವಿರಲಿ

ಪ್ರಶ್ನೆ: ಒಂದು ವಿಮಾನಯಾನ ಸಂಸ್ಥೆಯ ಖಾತೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೈಲ್ಸ್ (ಟಿಕೆಟ್ಟಿಗೆ ಬದಲಿಸಿಕೊಳ್ಳಬಹುದಾದ ಅಂಕಗಳು) ಕೂಡಿಟ್ಟಿದ್ದೇನೆ. ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್ ಬೇರೆ ಇವೆ. ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿಯೂ ಮೊದಲ ಬಾರಿಗೆ ಬಿಸಿನೆಸ್ ಕ್ಲಾಸಿನಲ್ಲಿ ಯುರೋಪಿಗೆ ಹೋಗಿ ಮೂರು ವಾರ ಸುತ್ತಬೇಕೆಂದಿದ್ದೇವೆ. ನಾನು ದಿನದಿನದ ಲೆಕ್ಕ ಬರೆದಿಡುವವನು. ಅವಳದು ಒಂದೇ ಬೇಡಿಕೆ: ‘ಊರು ಹಿಡಿಸಿದರೆ ಇನ್ನೆರಡು ದಿನ ಉಳಿಯೋಣ, ಹಿಡಿಸದಿದ್ದರೆ ಹೊರಡೋಣ.’ ಮೈಲ್ಸ್ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು ಎನ್ನುತ್ತಾರೆ. ಇವೆರಡೂ ಒಟ್ಟಿಗೆ ಸಾಧ್ಯವೇ?

ಉತ್ತರ: ಸಾಧ್ಯ. ನಿಮ್ಮ ಮನೆಯವರ ಬೇಡಿಕೆಯನ್ನು ದಯವಿಟ್ಟು ತಳ್ಳಿಹಾಕಬೇಡಿ. ಪ್ರವಾಸದ ಸುಖ ಇರುವುದೇ ಅದರಲ್ಲಿ. ಹಸುವನ್ನು ಮೇಯಲು ಕಟ್ಟುವವರು ಗೂಟವನ್ನು ಗಟ್ಟಿಯಾಗಿ ಹೊಡೆದು ಹಗ್ಗವನ್ನು ಉದ್ದ ಬಿಡುತ್ತಾರೆ. ನಿಮಗೆ ಬೇಕಾದ ಗೂಟ ಎರಡೇ: ಹೋಗುವ ದೂರದ ವಿಮಾನ, ಬರುವ ದೂರದ ವಿಮಾನ. ಮೈಲ್ಸ್ ಸುರಿಯಬೇಕಾದದ್ದು ಅಲ್ಲಿ. ನಡುವಿನ ಮೂರು ವಾರಕ್ಕೆ ಈಗಲೇ ಟಿಕೆಟ್ ಬೇಡ.

ಹೋಗಲು ಒಂದು, ಬರಲು ಒಂದು ಎಂದು ಬೇರೆ ಬೇರೆ ಏಕಮುಖ ಟಿಕೆಟ್ ಮಾಡಿಸಿ. ವಿಮಾನ ಸಂಸ್ಥೆಗಳ ಹೆಚ್ಚಿನ ಮೈಲ್ಸ್ ಯೋಜನೆಗಳಲ್ಲಿ ಇದರಿಂದ ನಷ್ಟವೇನಿಲ್ಲ. ಲಿಸ್ಬನ್ನಿನಲ್ಲಿ ಇಳಿದು ವಿಯೆನ್ನಾದಿಂದ ಮರಳಬಹುದು. ಇಳಿದ ಊರಿಗೇ ವಾಪಸು ಬರಬೇಕೆಂಬ ಕಟ್ಟುಪಾಡು ತಪ್ಪಿದರೆ ಅರ್ಧ ಸ್ವಾತಂತ್ರ್ಯ ಸಿಕ್ಕಂತೆ.

ಇಬ್ಬರಿಗೂ ಒಂದೇ ವಿಮಾನದಲ್ಲಿ ಬಿಸಿನೆಸ್ ಕ್ಲಾಸಿನ ಸೀಟು ಮೈಲ್ಸಿಗೆ ಸಿಗುವುದೇ ಕಷ್ಟದ ಭಾಗ. ಸಂಸ್ಥೆಗಳು ಕಾದಿರಿಸಲು ವೇಳಾಪಟ್ಟಿ ತೆರೆಯುವುದು ಸುಮಾರು 330ರಿಂದ 360 ದಿನ ಮೊದಲು. ಆಗ ಒಂದಿಷ್ಟು ಸೀಟು ಹೊರಬರುತ್ತವೆ. ಹೊರಡುವ ದಿನಕ್ಕೆ ಒಂದೆರಡು ವಾರ ಇರುವಾಗ, ಮಾರಾಟವಾಗದೆ ಉಳಿದವು ಇನ್ನೊಮ್ಮೆ ಬರುತ್ತವೆ. ನಡುವಿನ ತಿಂಗಳುಗಳು ಹೆಚ್ಚಾಗಿ ಬರಗಾಲವೇ. ಕೊನೆಯ ಗಳಿಗೆಯನ್ನೇ ನಂಬಿ ಕೂರುವುದು ಒಬ್ಬರಿಗೆ ಸರಿ, ಇಬ್ಬರಿಗೆ ಬೇಡ. ಮರಳುವ ಟಿಕೆಟ್ಟನ್ನು ಮೊದಲೇ ಮಾಡಿಸಿ, ಆದರೆ ರದ್ದು ಮಾಡಿದರೆ ಮೈಲ್ಸ್ ಪೂರ್ತಿ ವಾಪಸಾಗುವ ಯೋಜನೆಯಲ್ಲಿ ಮಾಡಿಸಿ. ಅಮೆರಿಕನ್ ಏರ್‌ಲೈನ್ಸ್, ಯುನೈಟೆಡ್ ಎರಡೂ ವಿಮಾನ ಹೊರಡುವ ಮೊದಲು ರದ್ದು ಮಾಡಿದರೆ ಮೈಲ್ಸ್ ಮರಳಿಸಲು ಶುಲ್ಕ ಪಡೆಯುವುದಿಲ್ಲ. ಕೆಲವು ಸಂಸ್ಥೆಗಳು ಪಡೆಯುತ್ತವೆ. ಹೀಗಿದ್ದರೆ ಪ್ರಾಗ್ ಹಿಡಿಸಿ ನಾಲ್ಕು ದಿನ ಹೆಚ್ಚು ನಿಲ್ಲಬೇಕೆನಿಸಿದಾಗ, ಹೊಸ ದಿನಾಂಕಕ್ಕೆ ಎರಡು ಸೀಟು ಕಂಡ ಮೇಲೆ ಹಳೆಯದನ್ನು ಬಿಡಬಹುದು. ಈ ಕ್ರಮ ತಲೆಕೆಳಗಾಗಬಾರದು.

ಇದೇ ಕಾರಣಕ್ಕೆ ಕಾರ್ಡಿನ ಪಾಯಿಂಟ್ಸನ್ನು ಈಗಲೇ ಯಾವ ಸಂಸ್ಥೆಗೂ ವರ್ಗಾಯಿಸಬೇಡಿ. ಒಮ್ಮೆ ಹೋದರೆ ಅವು ಹಿಂದಿರುಗುವುದಿಲ್ಲ. ಸೀಟು ಕಣ್ಣಿಗೆ ಬಿದ್ದ ಮೇಲೆಯೇ ವರ್ಗಾವಣೆ. ಕೆಲವು ವರ್ಗಾವಣೆ ನಿಮಿಷಗಳಲ್ಲಿ ಮುಗಿಯುತ್ತದೆ, ಕೆಲವಕ್ಕೆ ದಿನಗಳು ಬೇಕು. ನಿಮ್ಮ ಕಾರ್ಡಿನದು ಎಷ್ಟು ಹೊತ್ತು ಹಿಡಿಯುತ್ತದೆಂದು ಹೊರಡುವ ಮೊದಲೇ ತಿಳಿದಿರಿ. ಆ ಪಾಯಿಂಟ್ಸೇ ನಿಮ್ಮ ಉದ್ದನೆಯ ಹಗ್ಗ.

ಸ್ಟಾಪ್‌ಓವರ್ ಬಗ್ಗೆಯೂ ಹೇಳಬೇಕು. ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ ನಡುವಿನ ಊರಿನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಅದು ಬರಿಯ ಸಂಪರ್ಕ. ಅದಕ್ಕಿಂತ ಹೆಚ್ಚು ನಿಂತರೆ ಸ್ಟಾಪ್‌ಓವರ್. ಏರ್ ಕೆನಡಾದ ಮೈಲ್ಸ್ ಯೋಜನೆಯಾದ ಏರೋಪ್ಲಾನ್‌ನಲ್ಲಿ ಏಕಮುಖ ಟಿಕೆಟ್ಟಿಗೆ 5,000 ಪಾಯಿಂಟ್ಸ್ ಸೇರಿಸಿದರೆ ದಾರಿಯಲ್ಲಿ ಒಂದು ಊರಿನಲ್ಲಿ ಉಳಿಯಬಹುದು. ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ನಡೆಸುವ ಫ್ಲೈಯಿಂಗ್ ಬ್ಲೂ ಯೋಜನೆಯಲ್ಲಿ ಹೆಚ್ಚುವರಿ ಮೈಲ್ಸ್ ಕೊಡದೆಯೇ ಉಳಿಯಬಹುದು. ಒಳ್ಳೆಯ ಸೌಲಭ್ಯಗಳೇ. ಆದರೆ ಇಲ್ಲಿ ದಿನಾಂಕ ಮೊದಲೇ ನಿಗದಿಯಾಗುತ್ತದೆ. ನಿಮ್ಮಂಥ ಲೆಕ್ಕದವರಿಗೆ ಇದು ಹಬ್ಬ. ನಿಮ್ಮ ಮನೆಯವರು ಕೇಳಿದ್ದು ಇದನ್ನಲ್ಲ. ನನಗೆ ಹೆಚ್ಚು ಪ್ರಿಯವಾದದ್ದು 20–22 ಗಂಟೆಯ ಸಂಪರ್ಕ. ಮಧ್ಯಾಹ್ನ ಇಳಿದು, ಒಂದು ಸಂಜೆ ಊರು ನೋಡಿ, ಒಂದು ರಾತ್ರಿ ಮಲಗಿ, ಬೆಳಿಗ್ಗೆ ಹೊರಡಬಹುದು. ಇದಕ್ಕೆ ಸ್ಟಾಪ್‌ಓವರ್ ನಿಯಮ ಅಡ್ಡ ಬರುವುದಿಲ್ಲ.

ಹುಡುಕುವಾಗ ಪರದೆಯ ಮೇಲೆ ‘ಬಿಸಿನೆಸ್’ ಎಂಬ ಪದ ಕಂಡೊಡನೆ ಹಿಗ್ಗಬೇಡಿ, ಆ ಸಾಲನ್ನು ಬಿಡಿಸಿ ನೋಡಿ. ಒಂದೂವರೆ ಗಂಟೆಯ ಮೊದಲ ಹಾರಾಟ ಬಿಸಿನೆಸ್, ಒಂಬತ್ತು ಗಂಟೆಯ ಎರಡನೆಯದು ಇಕಾನಮಿ ಎಂದು ಒಳಗೆ ಸಣ್ಣದಾಗಿ ಬರೆದಿರಬಹುದು. ಹಲವು ಯೋಜನೆಗಳಲ್ಲಿ ಮೈಲ್ಸ್ ಮಾತ್ರ ಬಿಸಿನೆಸ್ಸಿನ ದರದಲ್ಲೇ ಕಳೆದುಹೋಗುತ್ತವೆ. ಯುರೋಪಿನೊಳಗಿನ ಗಿಡ್ಡ ಹಾರಾಟಗಳಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಬಹುಪಾಲು ಅದೇ ಇಕಾನಮಿ ಆಸನ, ಪಕ್ಕದ್ದು ಖಾಲಿ, ಅಷ್ಟೇ. ಮೈಲ್ಸ್ ಖರ್ಚು ಮಾಡಬೇಕಾದದ್ದು ಕಾಲು ಚಾಚಿ ಮಲಗಿ ಕಳೆಯುವ ರಾತ್ರಿಗೆ.

ಮೈಲ್ಸ್ ಟಿಕೆಟ್ಟಿನಲ್ಲೂ ತೆರಿಗೆಯನ್ನು ಹಣದಲ್ಲಿ ಕೊಡಬೇಕು. ಕೆಲವು ಸಂಸ್ಥೆಗಳು ಇಂಧನದ ಹೆಸರಿನಲ್ಲಿ ಇನ್ನೂ ದೊಡ್ಡ ಮೊತ್ತ ಸೇರಿಸುತ್ತವೆ. ಬ್ರಿಟನ್ನಿನಿಂದ ಹೊರಡುವವರಿಗೆ ಪ್ರಯಾಣಿಕ ಸುಂಕವಿದೆ, ಬಿಸಿನೆಸ್ ಕ್ಲಾಸಿಗೆ ಅದು ಇಕಾನಮಿಗಿಂತ ಹೆಚ್ಚು. ಇಳಿಯುವವರಿಗೆ ಅದಿಲ್ಲ. ಲಂಡನ್ ನೋಡುವ ಆಸೆಯಿದ್ದರೆ ಅಲ್ಲಿ ಇಳಿಯಿರಿ, ಮರಳುವುದನ್ನು ಬೇರೆಡೆಯಿಂದ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನು ನಾನು ಅನುಭವಿಸಿಯೇ ಕಲಿತೆ. ಸಣ್ಣ ಊರೊಂದರಿಂದ ದೊಡ್ಡ ಊರಿಗೆ ಅರ್ಧ ಗಂಟೆಯ ವಿಮಾನ, ಅಲ್ಲಿಂದ ಮನೆಗೆ ದೂರದ ವಿಮಾನ, ಎರಡೂ ಒಂದೇ ಟಿಕೆಟ್ಟಿನಲ್ಲಿ. ದೊಡ್ಡ ಊರಿಗೆ ರೈಲಿನಲ್ಲಿ ಎರಡು ದಿನ ಮೊದಲೇ ಬಂದಿದ್ದ ನಾನು, ಸಣ್ಣ ಹಾರಾಟವನ್ನು ಬಿಟ್ಟರಾಯಿತು ಎಂದುಕೊಂಡೆ. ಕೌಂಟರಿನಲ್ಲಿದ್ದಾಕೆ ನನ್ನ ಪಾಸ್‌ಪೋರ್ಟನ್ನು ಎರಡು ಸಲ ಯಂತ್ರಕ್ಕೆ ಉಜ್ಜಿ, ಪರದೆಯನ್ನು ನನ್ನತ್ತ ತಿರುಗಿಸಿದಳು. ಮೊದಲ ಹಾರಾಟಕ್ಕೆ ಬಾರದ ಕಾರಣ ಮುಂದಿನದೂ ರದ್ದಾಗಿತ್ತು. ಆ ರಾತ್ರಿ ಹಣ ಕೊಟ್ಟು ಇಕಾನಮಿಯಲ್ಲಿ ಬಂದೆ. ಟಿಕೆಟ್ಟಿನ ಯಾವ ತುಂಡನ್ನೂ ಹೇಳದೆ ಬಿಡಬೇಡಿ. ಮೊದಲೇ ಕರೆ ಮಾಡಿ ಬದಲಿಸಿಕೊಳ್ಳಿ.

ನಡುವಿನ ತಿರುವುಗಳಿಗೆ ಮೈಲ್ಸ್ ಬೇಕಾಗುವುದು ಅಪರೂಪ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಹೆಲ್ಸಿಂಕಿಯ ಬಂದರಿನಲ್ಲಿ ಬೆಳಿಗ್ಗೆ ಮನಸ್ಸಾದರೆ ಎರಡು ಗಂಟೆಯ ಹಡಗು ಪ್ರಯಾಣ, ಮಧ್ಯಾಹ್ನದ ಊಟ ಎಸ್ಟೋನಿಯಾದ ಟಾಲಿನ್‌ನಲ್ಲಿ. ದೂರದ ತಿರುವಾದರೆ, ನಾಳಿನ ವಿಮಾನಕ್ಕೆ ಹಣದ ದರ ಗಗನಕ್ಕೇರಿದ್ದಾಗ, ಏವಿಯೋಸ್‌ನಂತಹ ಪಾಯಿಂಟ್ಸ್ ಕೈಹಿಡಿಯುತ್ತವೆ. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಫಿನ್‌ಏರ್, ಕತಾರ್ ಏರ್‌ವೇಸ್ ಇವನ್ನು ಹಂಚಿಕೊಂಡಿವೆ. ಗಿಡ್ಡ ಹಾರಾಟಕ್ಕೆಂದು ಒಂದಷ್ಟನ್ನು ಮೀಸಲಿಡಿ.

ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕಾದರೆ ಷೆಂಗೆನ್ ವೀಸಾವನ್ನು (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಹಲವು ಬಾರಿ ಪ್ರವೇಶಕ್ಕೆಂದೇ ಕೇಳಿ. ಷೆಂಗೆನ್ ವಲಯದ 29 ದೇಶಗಳ ನಡುವೆ ಓಡಾಡಲು ತೊಂದರೆಯಿಲ್ಲ. ಬ್ರಿಟನ್, ಐರ್ಲೆಂಡ್ ಅದರ ಹೊರಗಿವೆ. ಒಂದೇ ಪ್ರವೇಶದ ವೀಸಾ ಇದ್ದು ನಡುವೆ ಲಂಡನ್ನಿಗೆ ಹೋದರೆ ಪ್ಯಾರಿಸ್ಸಿಗೆ ಮರಳಲಾಗದು.

ದಿನಚರಿ ಬರೆಯುವ ನಿಮ್ಮ ಅಭ್ಯಾಸಕ್ಕೂ ಕೆಲಸವಿದೆ. ಎರಡು ದೂರದ ವಿಮಾನಗಳ ಸಮಯ, ರದ್ದು ಮಾಡಲು ಕೊನೆಯ ಗಡುವು, ಎರಡೂ ಖಾತೆಗಳಲ್ಲಿ ಉಳಿದ ಪಾಯಿಂಟ್ಸ್, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಡಿ. ಇಳಿದ ಊರಿನಲ್ಲಿ ಮೊದಲ ಎರಡು ರಾತ್ರಿಗೂ, ಮರಳುವ ವಿಮಾನದ ಹಿಂದಿನ ರಾತ್ರಿಗೂ ಹೋಟೆಲ್ ಕಾದಿರಿಸಿ. ಉಳಿದ ಹಾಳೆಗಳನ್ನು ನಿಮ್ಮ ಹೆಂಡತಿಯ ಕೈಗೆ ಕೊಡಿ.