ಮೈಸೂರು ಝೂಗೆ ಬೆಂಗಳೂರಿನಿಂದ ಎಂಟು ಗಂಟೆಗೆ ಹೊರಡಬೇಡಿ

ಮೇಡಂ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೆಂಗಳೂರು ಬಿಟ್ಟು, ಊಟದೊಳಗೆ ಮೈಸೂರು ಮೃಗಾಲಯ ಮುಗಿಸಿ, ಆಮೇಲೆ ಅರಮನೆ, ಸಂಜೆಗೆ ಬೃಂದಾವನ ಎಂದು ಬರೆದಿದ್ದೀರಿ. ಜೊತೆಗೆ ಐದು ಮತ್ತು ಒಂಬತ್ತು ವರ್ಷದ ಮಕ್ಕಳು, ಮಂಡಿನೋವಿರುವ ಅತ್ತೆಯವರು. ದಯವಿಟ್ಟು ಬೇಡ. ಇದೇ ಪಟ್ಟಿ ಹಿಡಿದುಕೊಂಡು ನಾವೂ ಒಮ್ಮೆ ಹೋಗಿದ್ದೆವು. ಮಕ್ಕಳಿಗೆ ದಕ್ಕಿದ್ದು ಹುಲಿಯ ಬೆನ್ನು, ಸಿಂಹದ ಬಾಲ ಮತ್ತು ಐಸ್‌ಕ್ರೀಂ.

ಎಂಟಕ್ಕೆ ಹೊರಟು, ನಡುವೆ ತಿಂಡಿ ಮುಗಿಸಿ, ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿ, ಟಿಕೆಟ್ ಸಾಲು ದಾಟುವಷ್ಟರಲ್ಲಿ ಮಧ್ಯಾಹ್ನ ಹತ್ತಿರವಾಗಿರುತ್ತದೆ. ಆ ಹೊತ್ತಿಗೆ ಹುಲಿ, ಸಿಂಹ, ಚಿರತೆ ನೆರಳು ಸೇರಿ ಮಲಗಿರುತ್ತವೆ. ಬೆಕ್ಕಿನ ಜಾತಿಗೆ ಚಟುವಟಿಕೆಯ ಹೊತ್ತು ಬೆಳಗಿನ ತಂಪು ಮತ್ತು ಇಳಿಸಂಜೆ. ಅದಕ್ಕೆ ನಾವು ಬೇಲಿಯ ಈಚೆ ನಿಂತು ಶಿಳ್ಳೆ ಹೊಡೆದರೆ, ಕೂಗಿದರೆ ಆಗುವುದೇನೂ ಇಲ್ಲ. ಅಂದ ಹಾಗೆ, ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನ್ನಲು ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದೆಯೇ ಮಂಗಕ್ಕೆ ಕಡಲೆಕಾಯಿ ಎಸೆಯುವುದನ್ನು ನೋಡಿದ್ದೇನೆ. ಇನ್ನು ಮಗು ಕಲಿಯುವುದೇನು?

ಬಾಗಿಲು ತೆರೆಯುವುದು ಎಂಟೂವರೆಗೆ. ಆಗ ಅಲ್ಲಿರಬೇಕು. ಅಂದರೆ ಐದಕ್ಕೆ ಮನೆ ಬಿಡಬೇಕು, ಇಲ್ಲವೇ ಶನಿವಾರ ರಾತ್ರಿಯೇ ಮೈಸೂರು ಸೇರಬೇಕು. ಎಕ್ಸ್‌ಪ್ರೆಸ್‌ವೇಯ ಬೈಪಾಸ್‌ಗಳು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬದಿಗಿಟ್ಟು ಸಾಗುತ್ತವೆ. ಮದ್ದೂರು ವಡೆ ಬೇಕೆಂದರೆ ಮೊದಲೇ ಕೆಳಗಿನ ರಸ್ತೆಗೆ ಇಳಿಯಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಬೈಕಿನಲ್ಲಿ ಹಿಂದೆ ಬರುತ್ತೇನೆ ಎಂದ ನಿಮ್ಮ ತಮ್ಮನಿಗೆ ಹೇಳಿಬಿಡಿ: ಆ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಇನ್ನು ಒಳಗೆ. ಎಲ್ಲವನ್ನೂ ನೋಡುವ ಹಟ ಬಿಡಿ. ಪಕ್ಕದ ಕಾರಂಜಿ ಕೆರೆಯೂ ಸೇರಿ 157 ಎಕರೆ. ಝೂನಲ್ಲಿ ಮಾತ್ರವೇ ಸುಮಾರು ಮೂರು ಕಿಲೋಮೀಟರ್ ನಡೆಯಬೇಕು. ಒಬ್ಬೊಬ್ಬ ಮಗುವೂ ಎರಡು ಪ್ರಾಣಿ ಆರಿಸಿಕೊಳ್ಳಲಿ. ಆ ನಾಲ್ಕರ ಮುಂದೆ ಕುಳಿತುಕೊಳ್ಳಿ, ಉಳಿದವು ದಾರಿಯಲ್ಲಿ ಕಂಡಷ್ಟು ಸಾಕು.

ನಾಲ್ಕರಲ್ಲಿ ಒಂದು ಜಿರಾಫೆಯಾಗಿರಲಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಜನ ಬರುತ್ತಾರೆ, ಎಷ್ಟು ಎತ್ತರ ಎನ್ನುತ್ತಾರೆ, ಫೋಟೊ ತೆಗೆದು ಹೋಗುತ್ತಾರೆ. ಜಿರಾಫೆ ನಮ್ಮ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಸೊಪ್ಪು ತಿಂದು ಸುಮ್ಮನೆ ನಿಂತ ಒಂದನ್ನು ಹುಡುಕಿ, ಅದರ ಕೊರಳನ್ನೇ ನೋಡುತ್ತಿರಿ, ಬಾಯನ್ನಲ್ಲ. ಬುಡದಲ್ಲಿ ಚರ್ಮದಡಿ ಒಂದು ಉಂಡೆ ಮೂಡಿ ಸರಸರನೆ ಮೇಲೇರುತ್ತದೆ. ಬಾಯಿಗೆ ತಲುಪಿದ ಕೂಡಲೇ ದವಡೆ ಪಕ್ಕಕ್ಕೆ ಆಡತೊಡಗುತ್ತದೆ. ಅಗಿದು ಮುಗಿದ ಮೇಲೆ ಅದೇ ಉಂಡೆ ಕೆಳಗಿಳಿಯುತ್ತದೆ, ಒಂದು ಗಳಿಗೆ ಬಿಟ್ಟು ಇನ್ನೊಂದು ಹತ್ತುತ್ತದೆ. ಅಷ್ಟುದ್ದದ ಕೊರಳಿನಲ್ಲೂ ನಮ್ಮಂತೆ ಏಳೇ ಮೂಳೆ ಎಂದು ಆಗ ಹೇಳಿ, ಮಕ್ಕಳು ತಮ್ಮ ಕತ್ತು ಮುಟ್ಟಿ ಎಣಿಸಲು ಶುರುಮಾಡುತ್ತಾರೆ. ಒಂದು ಉಂಡೆಗೆ ಎಷ್ಟು ಬಾರಿ ಅಗಿಯುತ್ತದೆ ಎಂದು ದೊಡ್ಡವನು ಲೆಕ್ಕ ಇಡಲಿ, ಚಿಕ್ಕವಳು ಮೈಮೇಲಿನ ಮಚ್ಚೆ ಬರೆಯಲಿ. ರೂಳಿಲ್ಲದ ನೋಟ್‌ಪುಸ್ತಕ, ಮೊಂಡು ಪೆನ್ಸಿಲ್ ಸಾಕು. ಬಣ್ಣದ ಸ್ಕೆಚ್ ಪೆನ್ನು ಒಯ್ದರೆ ಮುಚ್ಚಳ ಹುಡುಕುವುದೇ ನಿಮ್ಮ ಕೆಲಸವಾಗುತ್ತದೆ. ಆದರೆ ಎಚ್ಚರಿಕೆ: ಜಿರಾಫೆ ಮೇಯುತ್ತಲೇ ಇದ್ದರೆ ಇದು ಕಾಣದು, ಕಾಯಬೇಕು. ಕಾಯಲಾಗದ ಮಕ್ಕಳಿದ್ದರೆ 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳ ಕಡೆ ಹೋಗಿ.

ಬೈನಾಕ್ಯುಲರ್ ಬೇಕೇ ಎಂದು ಕೇಳಿದ್ದೀರಿ. ಬೇಕು, ಆದರೆ ಜಾಲತಾಣದಲ್ಲಿ ಸಿಗುವ, ದೂರದ ಚಂದ್ರನನ್ನೂ ತೋರಿಸುತ್ತೇವೆನ್ನುವ ಅಗ್ಗದ ಜೂಮ್ ಆಟಿಕೆ ಬೇಡ. ಅದರಲ್ಲಿ ಕಾಣುವುದು ಮಬ್ಬು, ಬರುವುದು ತಲೆನೋವು. ನನ್ನ ಬಳಿ ಇರುವುದು ಒಲಿಂಪಸ್ 8×40 (ಎಂಟು ಪಟ್ಟು ಹತ್ತಿರ ತೋರಿಸುವ, 40 ಮಿ.ಮೀ. ಮಸೂರದ್ದು), ಹಕ್ಕಿ ನೋಡುವವರಲ್ಲಿ ಬಹಳ ಜನ ಅದನ್ನೇ ಇಟ್ಟುಕೊಂಡಿದ್ದಾರೆ. ಐದು ವರ್ಷದ ಮಗುವಿನ ಕೊರಳಿಗೆ ಭಾರ, ನೀವೇ ಹಿಡಿದು ತೋರಿಸಬೇಕು. ನಿಕಾನ್ ಚೆನ್ನಾಗಿದೆ ಎನ್ನುವವರ ಜೊತೆ ಜಗಳವಿಲ್ಲ. ಆದರೆ 8ಕ್ಕಿಂತ ಹೆಚ್ಚು ವರ್ಧನೆ ಬೇಡ, ಮಕ್ಕಳ ಕೈ ನಡುಗುತ್ತದೆ.

ಅತ್ತೆಯವರಿಗೆ ಬ್ಯಾಟರಿ ಗಾಡಿ ಇದೆ, ಅದಕ್ಕೆ ಪ್ರತ್ಯೇಕ ಟಿಕೆಟ್, ರಜಾದಿನ ಅದಕ್ಕೂ ಸಾಲು. ಪ್ಲಾಸ್ಟಿಕ್‌ಗೆ ಒಳಗೆ ಕಟ್ಟುನಿಟ್ಟು, ಬಾಗಿಲಲ್ಲೇ ಚೀಲ ನೋಡುತ್ತಾರೆ. ಚಿಪ್ಸ್ ಪೊಟ್ಟಣ ತಂದು ವಾದ ಮಾಡಬೇಡಿ, ಅಲ್ಲಿನ ಸಿಬ್ಬಂದಿಯದು ಸರಿ. ಸ್ಟೀಲ್ ಬಾಟಲಿ ಒಯ್ಯಿರಿ, ಬುತ್ತಿ ಕಾರಿನಲ್ಲೇ ಇರಲಿ.

ಹನ್ನೊಂದೂವರೆಗೆ ಹೊರಬಂದು, ಊಟ ಮಾಡಿ, ಅತ್ತೆಯವರು ಒಂದು ಗಳಿಗೆ ಒರಗಲಿ. ಮೂರೂವರೆಯ ಮೇಲೆ ಪಕ್ಕದ ಕಾರಂಜಿ ಕೆರೆಗೆ ಹೋಗಿ. ನಡುಗಡ್ಡೆಯ ಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಇರುತ್ತವೆ. ಇವು ಯಾರೂ ತಂದು ಬಿಟ್ಟವಲ್ಲ, ತಾವಾಗಿ ಬಂದು ನೆಲೆಸಿದವು. ಒಳಗೆ ನಡೆದಾಡುವಂಥ ದೊಡ್ಡ ಪಕ್ಷಿಮನೆಯೂ ಅಲ್ಲಿದೆ. ದೋಣಿಯಲ್ಲಿ ಮಕ್ಕಳಿಗೆ ಜೀವರಕ್ಷಕ ಜಾಕೆಟ್ ಹಾಕಿಸದೆ ಕೂರಿಸಬೇಡಿ.

ತೋಟ ನೋಡುವವರಿಗೆ ಒಂದು ಮಾತು. ಅರಮನೆಯ ಖಾಸಗಿ ಝೂ ಆಗಿ 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಶುರುಮಾಡಿದ ಈ ಜಾಗದ ವಿನ್ಯಾಸದಲ್ಲಿ, ನಮ್ಮ ಲಾಲ್‌ಬಾಗಿನಲ್ಲೂ ದುಡಿದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರ ಕೈಯಿದೆ. ಆವರಣಗಳ ನಡುವಿನ ಮರಗಳನ್ನೂ ಸ್ವಲ್ಪ ತಲೆಯೆತ್ತಿ ನೋಡಿ.

ಮಗಳ ಹುಟ್ಟುಹಬ್ಬ ಹತ್ತಿರವಿದೆ ಎಂದಿರಲ್ಲ, ಬಂದ ಮಕ್ಕಳ ಕೈಗೆ ಪ್ಲಾಸ್ಟಿಕ್ ಆಟಿಕೆ ಕೊಡುವ ಬದಲು ಝೂನ ಪ್ರಾಣಿಯೊಂದರ ಪಾಲನೆಯ ಖರ್ಚು ನಾವು ಕೊಡುವ ದತ್ತು ಯೋಜನೆ ನೋಡಿ. ಇಲ್ಲಿ 2001ರಿಂದ ಇದೆ. ಆನೆಯೇ ಆಗಬೇಕೆಂದಿಲ್ಲ, ಪುಟ್ಟ ಹಕ್ಕಿಯನ್ನೂ ದತ್ತು ಪಡೆಯಬಹುದು.

ಬೃಂದಾವನ ಬಿಡಲಾಗದೆಂದರೆ ಭಾನುವಾರ ರಾತ್ರಿ ಮೈಸೂರಿನಲ್ಲೇ ಉಳಿದು ಸೋಮವಾರ ರಜೆ ಹಾಕಿ. ಭಾನುವಾರವೇ ಉಳಿದರೆ ಅರಮನೆಯ ದೀಪಾಲಂಕಾರವೂ ಸಿಗುತ್ತದೆ. ಪ್ರವಾಸವನ್ನು ಮಾತ್ರ ಮಂಗಳವಾರಕ್ಕೆ ತಳ್ಳಬೇಡಿ, ಝೂಗೆ ವಾರದ ರಜೆ ಅಂದು, ನಮ್ಮ ಬನ್ನೇರುಘಟ್ಟಕ್ಕೂ ಅಷ್ಟೇ.