ಕೊರಿಯನ್ ಗುಣಕ್ರಿಯಾಪದಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊರಿಯನ್ ಭಾಷೆಯಲ್ಲಿ ‘ಸೆಕೆಯಾಗಿರು’ ಎಂಬರ್ಥದ ‘ತೊಪ್ತಾ’ ಗೌರವದ ಮಾತಿನಲ್ಲಿ ‘ತೊವೊಯೋ’ ಆಗುತ್ತದೆ. ‘ಇಕ್ಕಟ್ಟಾಗಿರು’ ಎಂಬರ್ಥದ ‘ಚೋಪ್ತಾ’ ಮಾತ್ರ ‘ಚೋಬಾಯೋ’ ಆಗುತ್ತದೆ. ಎರಡೂ ಧಾತುಗಳು ಪಕಾರದಲ್ಲಿಯೇ ಮುಗಿಯುವಾಗ ಈ ವ್ಯತ್ಯಾಸ ಏಕೆ? ಪ್ರತಿಯೊಂದನ್ನೂ ಬಾಯಿಪಾಠ ಮಾಡಬೇಕೇ?

ಉತ್ತರ: ಮೊದಲಿಗೆ ಲಿಪ್ಯಂತರದ ಬಗ್ಗೆ ಒಂದು ಮಾತು. ‘ಅ’ ಮತ್ತು ‘ಒ’ಗಳ ನಡುವೆ ನಿಲ್ಲುವ ಕೊರಿಯನ್ ಸ್ವರಕ್ಕೆ ಇಲ್ಲಿ ಹ್ರಸ್ವ ಒಕಾರವನ್ನೂ, ತುಟಿಯನ್ನು ದುಂಡಾಗಿಸಿ ಉಚ್ಚರಿಸುವ ಸ್ವರಕ್ಕೆ ದೀರ್ಘ ಓಕಾರವನ್ನೂ ಬಳಸಲಾಗಿದೆ. ನಿಘಂಟಿನ ರೂಪದ ಕೊನೆಯ ‘ದಾ’ ಪ್ರತ್ಯಯವನ್ನು (ಪಕಾರದ ನಂತರ ಅದು ‘ತಾ’ ಎಂದು ಕೇಳಿಸುತ್ತದೆ) ತೆಗೆದರೆ ಉಳಿಯುವುದೇ ಧಾತು; ಧಾತುವಿನ ಪಕಾರ ಸ್ವರಗಳ ನಡುವೆ ಬಕಾರದಂತೆ ಕೇಳಿಸುವುದು ಸಹಜ.

ಕನ್ನಡದಲ್ಲಿ ‘ಚೆನ್ನಾಗಿ’ ಎಂಬುದಕ್ಕೆ ‘ಇದೆ’ ಸೇರಿದರೆ ಮಾತ್ರ ವಾಕ್ಯ ಪೂರ್ಣವಾಗುತ್ತದೆ. ಕೊರಿಯನ್ ಭಾಷೆಯಲ್ಲಿ ಗುಣವನ್ನು ಹೇಳುವ ಪದವೇ ಕ್ರಿಯಾಪದವಾಗಿದ್ದು, ಕಾಲ, ಗೌರವ, ಷರತ್ತು ಮುಂತಾದ ಎಲ್ಲ ಪ್ರತ್ಯಯಗಳನ್ನೂ ತಾನೇ ಹೊರುತ್ತದೆ. ಧಾತುವಿನ ಮುಂದೆ ವ್ಯಂಜನದಿಂದ ಆರಂಭವಾಗುವ ಪ್ರತ್ಯಯ ಬಂದರೆ ಯಾವ ತೊಡಕೂ ಇಲ್ಲ: ‘ತೊಪ್ಕೋ’ ಎಂದಾಗ ಪಕಾರ ಹಾಗೆಯೇ ಉಳಿಯುತ್ತದೆ. ಸ್ವರದಿಂದ ಆರಂಭವಾಗುವ ಪ್ರತ್ಯಯ ಬಂದಾಗ ಮಾತ್ರ ಆ ಪಕಾರ ಊಕಾರವಾಗಿ, ಮುಂದಿನ ಸ್ವರದೊಡನೆ ಬೆರೆತು ವಕಾರದಂತೆ ಕೇಳಿಸುತ್ತದೆ. ಆದ್ದರಿಂದಲೇ ‘ತೊವೊಯೋ’, ಹಾಗೆಯೇ ನಾಮಪದದ ಹಿಂದೆ ಬರುವ ‘ತೊಊನ್’, ಅಂದರೆ ‘ಸೆಕೆಯ’. ಹಳಗನ್ನಡದಲ್ಲಿ ‘ಬೆಮರ್’ ಮತ್ತು ‘ಪನಿ’ ಸೇರಿ ‘ಬೆಮರ್ವನಿ’ ಆಗುವುದನ್ನು ವ್ಯಾಕರಣ ಪಾಠದಲ್ಲಿ ಓದಿದವರಿಗೆ ಪಕಾರಕ್ಕೆ ವಕಾರ ಆದೇಶವಾಗುವುದು ವಿಚಿತ್ರವೆನಿಸಬೇಕಾಗಿಲ್ಲ.

ಎರಡು ಧಾತುಗಳು ಬೇರೆ ಬೇರೆಯಾಗಿ ವರ್ತಿಸುವುದಕ್ಕೆ ಕಾರಣ ಇತಿಹಾಸದಲ್ಲಿದೆ. ದೊರೆ ಸೆಜೊಂಗ್ 1446ರಲ್ಲಿ ಹೊಸ ಲಿಪಿಯನ್ನು ಪ್ರಕಟಿಸಿದ ಕಾಲದಲ್ಲಿ, ಬಕಾರಕ್ಕಿಂತ ಹಗುರವಾದ, ತುಟಿಗಳು ಪೂರ್ತಿ ಮುಚ್ಚದೆ ಹೊರಡುವ ಒಂದು ಧ್ವನಿಗೆ ಪ್ರತ್ಯೇಕ ಅಕ್ಷರವೇ ಇತ್ತು. ‘ತೊಪ್ತಾ’ ವರ್ಗದ ಪದಗಳಲ್ಲಿ ಸ್ವರದ ಮುಂಚೆ ಇದ್ದದ್ದು ಆ ಧ್ವನಿ. ‘ಚೋಪ್ತಾ’ದಲ್ಲಿ ಇದ್ದದ್ದು ಸಾಮಾನ್ಯ ಬಕಾರ. ಹಗುರ ಧ್ವನಿ ಕ್ರಮೇಣ ವಕಾರವಾಗಿ ಕರಗಿತು, ಇನ್ನೊಂದು ಗಟ್ಟಿಯಾಗಿ ಉಳಿಯಿತು. ಆಗ್ನೇಯ ಭಾಗದ ಕ್ಯೊಂಗ್‌ಸಾಂಗ್ ಪ್ರಾಂತ್ಯದ ಆಡುಮಾತಿನಲ್ಲಿ ಇಂದಿಗೂ ‘ತೊವೊ’ ಎನ್ನುವ ಕಡೆ ‘ತೊಬೊ’ ಎನ್ನುವುದು ಕೇಳಿಬರುತ್ತದೆ. ನಾವು ‘ಅನಿಯಮಿತ’ ಎನ್ನುವುದು ಸೋಲ್ ನಗರದ ಶಿಷ್ಟ ಭಾಷೆಯ ದೃಷ್ಟಿಯಿಂದ ಮಾತ್ರ.

ಇನ್ನು ಬಾಯಿಪಾಠದ ವಿಚಾರ. ಪಠ್ಯಪುಸ್ತಕಗಳು ಅನಿಯಮಿತ ಪದಗಳ ಉದ್ದನೆಯ ಪಟ್ಟಿಯನ್ನು ಕೊಡುತ್ತವೆ. ಗುಣಕ್ರಿಯಾಪದಗಳ ಮಟ್ಟಿಗೆ ಇದು ತಲೆಕೆಳಗಾದ ಕ್ರಮವೆಂದೇ ನನ್ನ ಅಭಿಪ್ರಾಯ. ಚಳಿ, ಕಷ್ಟ, ಸುಲಭ, ಸಾಮೀಪ್ಯ, ಸೌಂದರ್ಯ ಮುಂತಾದವನ್ನು ಹೇಳುವ ಪಕಾರಾಂತ್ಯದ ಪದಗಳಲ್ಲಿ ಬಹುಪಾಲು ಬದಲಾಗುವಂಥವೇ. ಬದಲಾಗದೆ ಉಳಿಯುವವು ಕೆಲವೇ: ‘ಚೋಪ್ತಾ’, ನಾಚಿಕೆಯ ಸ್ವಭಾವವನ್ನು ಹೇಳುವ ‘ಸೂಜೂಪ್ತಾ’, ಬಾಗಿರುವುದನ್ನು ಹೇಳುವ ‘ಕೂಪ್ತಾ’. ಇವನ್ನು ಕಲಿತು, ಒಂಟಿ ಪಕಾರದಲ್ಲಿ ಮುಗಿಯುವ ಉಳಿದವೆಲ್ಲ ಬದಲಾಗುತ್ತವೆಂದು ಭಾವಿಸಿದರೆ ತಪ್ಪುವುದು ಅಪರೂಪ.

‘ವೊ’ ಬದಲಿಗೆ ‘ವಾ’ ಬರುವ ಗುಣಕ್ರಿಯಾಪದ ಇಂದಿನ ಬರವಣಿಗೆಯಲ್ಲಿ ಒಂದೇ: ‘ಸೊಗಸಾಗಿರು’ ಎಂಬ ‘ಕೋಪ್ತಾ’ ‘ಕೋವಾಯೋ’ ಆಗುತ್ತದೆ. ಚಳಿಗೆ ಬೆರಳು ಮರಗಟ್ಟುವುದನ್ನು ಹೇಳುವ ಇನ್ನೊಂದು ‘ಕೋಪ್ತಾ’ ನಿಯಮಿತವಾಗಿದ್ದು ‘ಕೋಬಾಯೋ’ ಆಗುತ್ತದೆ. ಹಳೆಯ ಪುಸ್ತಕಗಳಲ್ಲಿ ‘ಹತ್ತಿರವಾಗಿರು’ ಎಂಬುದಕ್ಕೆ ‘ಕಾಕ್ಕಾವಾ’ ಎಂಬ ರೂಪ ಕಂಡರೆ ಅದನ್ನು ಮುದ್ರಣದೋಷವೆಂದು ತಿಳಿಯಬೇಡಿ. 1988ರಲ್ಲಿ ಪ್ರಕಟವಾದ ಕಾಗುಣಿತದ ನಿಯಮಗಳು ಅದನ್ನು ‘ಕಾಕ್ಕಾವೊ’ ಎಂದು ಬದಲಿಸಿದವು.

ಪ್ರಶ್ನೆ: ‘ಕೆಂಪಾಗಿರು’ ಎಂಬ ‘ಪ್ಪಾಲ್ಗಾಥಾ’ ಪದ ‘ಪ್ಪಾಲ್ಗೆಯೋ’ ಆಗುವಾಗ, ‘ಒಳ್ಳೆಯದಾಗಿರು’ ಎಂಬ ‘ಚೋಥಾ’ ಪದ ‘ಚೆಯೋ’ ಏಕೆ ಆಗುವುದಿಲ್ಲ?

ಉತ್ತರ: ಈ ಎರಡೂ ಧಾತುಗಳು ಹಕಾರದಲ್ಲಿ ಮುಗಿಯುತ್ತವೆ; ಆ ಹಕಾರ ‘ದಾ’ದೊಡನೆ ಬೆರೆತು ‘ಥಾ’ ಎಂದು ಕೇಳಿಸುತ್ತದೆ. ಹಕಾರಾಂತ್ಯದ ಗುಣಕ್ರಿಯಾಪದಗಳಲ್ಲಿ ನಿಯಮಿತವಾದದ್ದು ‘ಚೋಥಾ’ ಒಂದೇ, ಅದರ ರೂಪ ‘ಚೋಆಯೋ’. ಬಣ್ಣಗಳ ಹೆಸರುಗಳು ಮತ್ತು ‘ಹೀಗಿರು’, ‘ಹಾಗಿರು’, ‘ಹೇಗಿರು’ ಎಂಬಂಥವು ಉಳಿದ ವರ್ಗಕ್ಕೆ ಸೇರುತ್ತವೆ. ‘ಹಾಗಿರು’ ಎಂಬ ‘ಕುರೊಥಾ’ ಪದವು ‘ಕುರೊಹಾದಾ’ ಎಂಬ ಉದ್ದ ರೂಪದ ಸಂಕ್ಷೇಪವಾದ್ದರಿಂದ, ಅದರ ಹಕಾರ ‘ಮಾಡು’ ಎಂಬ ‘ಹಾದಾ’ ಕ್ರಿಯೆಯ ಅವಶೇಷವೇ ಆಗಿದೆ. ಹೀಗಾಗಿ ‘ಹಾದಾ’ ‘ಹೆಯೋ’ ಆಗುವಂತೆ ಇದೂ ‘ಕುರೆಯೋ’ ಆಗುತ್ತದೆ. ಷರತ್ತಿನ ರೂಪದಲ್ಲಿ ಹಕಾರ ಪೂರ್ತಿ ಲೋಪವಾಗಿ ‘ಪ್ಪಾಲ್ಗಾಮ್ಯೊನ್’ ಎಂದಾಗುತ್ತದೆ. ‘ಚೋಥಾ’ ಮಾತ್ರ ‘ಚೋಉಮ್ಯೊನ್’ ಎಂದು ತನ್ನ ದಾರಿ ಹಿಡಿಯುತ್ತದೆ. ಕಂಡದ್ದನ್ನು ಉದ್ಗರಿಸುವ ‘ನೆ’ ಪ್ರತ್ಯಯ ಬಂದಾಗ ಧಾತುವಿನ ಹಕಾರವನ್ನು ಬರೆಯುವುದು ಹಿಂದೆ ತಪ್ಪಾಗಿತ್ತು. ‘ಹಳದಿಯಾಗಿದೆಯಲ್ಲ’ ಎನ್ನಲು ‘ನೋರಾನೆ’ಯ ಜೊತೆಗೆ ಹಕಾರವನ್ನು ಉಳಿಸಿ ಬರೆಯುವ ರೂಪಕ್ಕೂ 2015ರ ಕೊನೆಯಲ್ಲಿ ಒಪ್ಪಿಗೆ ದೊರೆಯಿತು. ಜನ ಹೇಗೂ ಹಾಗೆಯೇ ಬರೆಯುತ್ತಿದ್ದರು.

ಪ್ರಶ್ನೆ: ‘ರು’ ಎಂದು ಮುಗಿಯುವ ಧಾತುಗಳಿಗೆ ಒಂದೇ ನಿಯಮವಿದೆಯೇ?

ಉತ್ತರ: ಇಲ್ಲ. ‘ಬೇರೆಯಾಗಿರು’ ಎಂಬ ‘ತಾರುದಾ’ದಲ್ಲಿ ಉಕಾರ ಲೋಪವಾಗಿ, ರಕಾರವು ಇಮ್ಮಡಿ ಲಕಾರವಾಗಿ ‘ತಾಲ್ಲಾಯೋ’ ಆಗುತ್ತದೆ. ಹೆಚ್ಚಿನವು ಈ ಬಗೆಯವು. ‘ನೀಲಿಯಾಗಿ ಅಥವಾ ಹಸಿರಾಗಿ ಇರು’ ಎಂಬ ‘ಫೂರುದಾ’ದಲ್ಲಿ ಲೋಪವಿಲ್ಲ, ರಕಾರ ಆಗಮವಾಗಿ ‘ಫೂರುರೊಯೋ’ ಆಗುತ್ತದೆ, ಇಂಥವು ಬೆರಳೆಣಿಕೆಯಷ್ಟು. ಈ ಭೇದದ ಮೇಲೆ ಕೆಲವೊಮ್ಮೆ ಅರ್ಥವೇ ನಿಂತಿರುತ್ತದೆ. ‘ಇರುದಾ’ ಎಂಬ ಒಂದೇ ರೂಪಕ್ಕೆ ‘ಸಮಯಕ್ಕಿಂತ ಮುಂಚಿತವಾಗಿರು’ ಎಂಬ ಗುಣವಾಚಕ ಅರ್ಥವೂ ‘ತಲುಪು’ ಎಂಬ ಕ್ರಿಯೆಯ ಅರ್ಥವೂ ಇವೆ; ಮೊದಲನೆಯದು ‘ಇಲ್ಲೊಯೋ’ ಎಂದೂ ಎರಡನೆಯದು ‘ಇರುರೊಯೋ’ ಎಂದೂ ಆಗುವುದರಿಂದ, ನಿಘಂಟಿನ ರೂಪದ ಜೊತೆಗೆ ಗೌರವರೂಪವನ್ನೂ ಬರೆದಿಟ್ಟುಕೊಳ್ಳದವರು ಈ ಜೋಡಿಯಲ್ಲಿ ಖಂಡಿತ ಎಡವುತ್ತಾರೆ.