ಲೆನ್ಸ್ ತೊಳೆದಿಟ್ರೆ ಕೆಂಗಣ್ಣು ಬರೋದಿಲ್ವಾ?

ಪ್ರಶ್ನೆ: ಡಾಕ್ಟ್ರೇ, ನಾನು ಅಂಕೋಲಾದವಳು, ದಿನಾ ಬಸ್ಸಲ್ಲಿ ಕಾರವಾರಕ್ಕೆ ಕೆಲಸಕ್ಕೆ ಹೋಗ್ತೇನೆ. ಮೂರು ವರ್ಷದಿಂದ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದ್ದೇನೆ, ತಿಂಗಳಿಗೊಮ್ಮೆ ಬದಲಾಯಿಸೋದು. ಮಳೆ ಶುರುವಾದ ಮೇಲೆ ಅಕ್ಕನ ಮಗ ಶಾಲೆಯಿಂದ ಕೆಂಗಣ್ಣು ಹಚ್ಕೊಂಡು ಬಂದಿದಾನೆ, ನಾವೆಲ್ಲ ಒಂದೇ ಮನೇಲಿ. ನಾನಂತೂ ರಾತ್ರಿ ಲೆನ್ಸ್ ಸೊಲ್ಯೂಷನ್‌ನಲ್ಲಿ ನೆನೆಸಿಡ್ತೇನೆ, ಬಾಟ್ಲಿ ಮೇಲೆ ಸೋಂಕು ನಾಶ ಮಾಡ್ತದೆ ಅಂತ ಬರ್ದಿದೆ. ಅಷ್ಟು ಸಾಕಲ್ವಾ? ಅಕಸ್ಮಾತ್ ಬಂದೇ ಬಿಟ್ರೆ ಗುಣ ಆದ್ಮೇಲೆ ಅದೇ ಲೆನ್ಸ್ ಹಾಕ್ಬಹುದಾ?

ಉತ್ತರ: ಸಾಕಾಗೋದಿಲ್ಲ ತಂಗೀ. ಬಾಟ್ಲಿ ಮೇಲೆ ಬರ್ದಿದ್ದು ಸುಳ್ಳಲ್ಲ, ಆದ್ರೆ ಅದು ಹೇಳೋ ಸೋಂಕು ಬೇರೆ. ಇಂಥ ಸೊಲ್ಯೂಷನ್‌ಗೆ ಐಎಸ್‌ಒ 14729 ಅಂತ ಒಂದು ಪರೀಕ್ಷೆ ಇದೆ, ಅದ್ರಲ್ಲಿ 3 ಬ್ಯಾಕ್ಟೀರಿಯಾ, 2 ಶಿಲೀಂಧ್ರ, ಅಷ್ಟೇ, ವೈರಸ್ಸಿನ ಸುದ್ದಿನೇ ಇಲ್ಲ. ಈ ಊರೆಲ್ಲ ಹಬ್ಬೋ ಕೆಂಗಣ್ಣಿಗೆ ಹೆಚ್ಚಾಗಿ ಅಡೆನೋವೈರಸ್ ಕಾರಣ, ಅದು ಬಲು ಗಟ್ಟಿ ಜೀವ, ಹರ್ಪಿಸ್ ತರದ ವೈರಸ್ಸಿಗೆ ಮೈಮೇಲೆ ಕೊಬ್ಬಿನ ಹೊದಿಕೆ ಇರ್ತದೆ, ಅದನ್ನ ಒಡೆದ್ರೆ ಸತ್ತೋಗ್ತದೆ, ಇದಕ್ಕೆ ಆ ಹೊದಿಕೆನೇ ಇಲ್ಲ, ಹಾಗಾಗಿ ಮಾಮೂಲಿ ಸೊಲ್ಯೂಷನ್ನಿಗೂ ಸ್ಯಾನಿಟೈಸರ್‌ಗೂ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ, ಟವೆಲ್ ಮೇಲೆ, ಬಾಗಿಲ ಚಿಲಕದ ಮೇಲೆ ದಿನಗಟ್ಟಲೆ ಕೂತಿರ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಇದಕ್ಕಿಂತ ಜೋರು, ಆದ್ರೆ ಅದರದೇ ಡಬ್ಬೀಲಿ ಕಡಿಮೆ ಅಂದ್ರೂ 6 ತಾಸು ಇಡ್ಬೇಕು, ಅಷ್ಟು ಹೊತ್ತು ಇಡದೆ ಹಾಗೇ ಕಣ್ಣಿಗೆ ತಾಗಿದ್ರೆ ಉರಿ ತಡ್ಕೊಳ್ಳೋಕಾಗಲ್ಲ. ಅದನ್ನೂ ಪೂರ್ತಿ ನಂಬೋ ಹಾಗಿಲ್ಲ.

ಅಷ್ಟಕ್ಕೂ ನಿಮ್ಗೆ ಬರೋದಾದ್ರೆ ಡಬ್ಬಿಯಿಂದಲ್ಲ, ಕೈಯಿಂದ. ಬಸ್ಸಿನ ಕಂಬಿ ಹಿಡಿದಿದ್ದು, ಹುಡುಗನ ಮುಖ ಒರೆಸಿದ್ದು, ಅದೇ ಬೆರಳಲ್ಲಿ ಲೆನ್ಸ್ ಹಾಕೋದು, ಇಲ್ಲೇ ಎಡವಟ್ಟಾಗೋದು. (ಕೆಂಗಣ್ಣಿನವರನ್ನ ನೋಡಿದ್ರೇ ಬರ್ತದೆ ಅನ್ನೋದು ಮಾತ್ರ ಸುಮ್ನೆ.) ಅವನ ಕಣ್ಣು ಪೂರ್ತಿ ಬಿಳಿ ಆಗೋವರೆಗೂ ನೀವು ಕನ್ನಡಕ ಹಾಕಿ ಓಡಾಡಿ. ಟವೆಲ್ಲು, ದಿಂಬಿನ ಕವರ್ರು, ಕಾಡಿಗೆ ಬೇರೆ ಬೇರೆ ಇರ್ಲಿ, ಕೈ ಸೋಪಲ್ಲೇ ತಿಕ್ಕಿ ತೊಳೀರಿ.

ಲೆನ್ಸ್ ಹಾಕೋ ದಿನಗಳಲ್ಲಿ ಸುಮ್ನೆ ನೆನೆಸೋದಲ್ಲ, ಅಂಗೈ ಮೇಲಿಟ್ಟು ಸೊಲ್ಯೂಷನ್ ಹಾಕಿ ತಿಕ್ಕಿ ತೊಳ್ದು ಆಮೇಲೆ ನೆನೆಸಿ, ತಿಕ್ಕಿದ್ರೇನೇ ಅರ್ಧ ಕೊಳೆ ಹೋಗೋದು. ನಿನ್ನೆಯ ಸೊಲ್ಯೂಷನ್ ಮೇಲೆ ಇವತ್ತಿಂದು ಸುರೀಬೇಡಿ. ಬಾವಿ ನೀರು ಎಷ್ಟೇ ತಿಳಿ ಇದ್ರೂ ಲೆನ್ಸಿಗೆ ಬೇಡ, ನೀರಲ್ಲಿರೋ ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣದ ಜೀವಿ ಕಾರ್ನಿಯಾನೇ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರಾನೇ, ಹಾಳು ಮಾಡ್ಬಹುದು, ಅದರ ಮುಂದೆ ಕೆಂಗಣ್ಣು ಏನೂ ಅಲ್ಲ.

ಒಂದು ವೇಳೆ ಬಂದೇ ಬಿಟ್ರೆ ಕೂಡ್ಲೇ ಲೆನ್ಸ್ ತೆಗೀರಿ. ಗುಣ ಆದ್ಮೇಲೆ ಹಳೇ ಲೆನ್ಸು, ಡಬ್ಬಿ, ಸೀಲ್ ಒಡೆದ ಸೊಲ್ಯೂಷನ್ ಬಾಟ್ಲಿ ಮೂರೂ ಕಸಕ್ಕೆ, ದುಡ್ಡಿನ ಮುಖ ನೋಡ್ಬೇಡಿ. ಅಡೆನೋವೈರಸ್ಸಿಗೆ ಆ್ಯಂಟಿಬಯೋಟಿಕ್ ಡ್ರಾಪ್ಸ್ ನಾಟೋದಿಲ್ಲ, ಒಂದೆರಡು ವಾರದಲ್ಲಿ ತಾನಾಗೇ ಇಳೀತದೆ. ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಬಿಟ್ಕೊಳ್ಳೋದಂತೂ ಬೇಡ್ವೇ ಬೇಡ, ಅಜ್ಜಿ ಹೇಳಿದ ನಂದಿಬಟ್ಟಲ ಹೂವಿನ ರಸನೂ ಬೇಡ. ನೋವು ಜಾಸ್ತಿ ಇದ್ರೆ, ಬೆಳಕು ನೋಡೋಕಾಗದಿದ್ರೆ, ಮಂಜಾಗಿ ಕಂಡ್ರೆ ಅದು ಬರೀ ಕೆಂಗಣ್ಣು ಅಂತ ಕೂರದೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಆಗ ಮಾತ್ರ ಲೆನ್ಸು ಡಬ್ಬಿ ಎಸೀದೆ ಜೊತೆಗೆ ಒಯ್ರಿ, ಪರೀಕ್ಷೆಗೆ ಬೇಕಾಗ್ತದೆ.